ಬಟ್ಟೆ ಹುಡ್ಡಿನ ಹಳೆಯ ಜಿಪ್ಸಿ, ಥಾರ್: ನ್ಯಾಯವಾದ ಬೆಲೆ ಕಟ್ಟುವುದು ಹೇಗೆ?

ಹಳೆಯ ಮಹೀಂದ್ರ ಜೀಪುಗಳನ್ನು ಬಿಟ್ಟರೆ, ಹುಬ್ಬಳ್ಳಿ-ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಸಿಗುವ, ಹುಡ್ ತೆಗೆದು ಓಡಿಸಬಹುದಾದ ಸಣ್ಣ ಗಾಡಿಗಳೆಂದರೆ ಮಾರುತಿ ಜಿಪ್ಸಿ ಮತ್ತು ಮಹೀಂದ್ರ ಥಾರ್. ಬಟನ್ ಒತ್ತಿದೊಡನೆ ಮಾಡು ಮಡಚಿಕೊಳ್ಳುವ ಮಿನಿ ಕೂಪರ್‌ನಂಥವು ಬೆಂಗಳೂರಿನ ಮಾರುಕಟ್ಟೆಯ ವಿಷಯ. ಫೈಬರ್ ಮೈಯ, ರೆನೋ ಎಂಜಿನ್ನಿನ ಸ್ಯಾನ್ ಸ್ಟಾರ್ಮ್ ಅಪರೂಪಕ್ಕೆ ಕಣ್ಣಿಗೆ ಬಿದ್ದರೂ ಅದಕ್ಕೆ ಮಾರುಕಟ್ಟೆ ದರವೆಂಬುದೇ ಇಲ್ಲ. ಪರಿಚಿತರ ಜೊತೆ ಇಂಥ ಗಾಡಿ ನೋಡಲು ನಾನು ಹಲವು ಬಾರಿ ಹೋಗಿದ್ದೇನೆ. ಹೆಚ್ಚು ಹಣ ತೆತ್ತವರೆಲ್ಲರೂ ಒಂದೇ ತಪ್ಪು ಮಾಡಿದ್ದರು: ಬೇಸಿಗೆಯ ಬಿಸಿಲಿನಲ್ಲಿ ಬಣ್ಣ, ದೊಡ್ಡ ಟೈರು ಮತ್ತು ಮೀಟರಿನ ಕಿಲೋಮೀಟರ್ ನೋಡಿ, ಮೊಬೈಲಿನಲ್ಲಿ ಕಂಡ ಜಾಹೀರಾತಿನ ದರವನ್ನೇ ನಿಜವಾದ ಬೆಲೆಯೆಂದು ನಂಬಿ ಮುಂಗಡ ಕೊಟ್ಟಿದ್ದರು. ಆದರೆ ಬಟ್ಟೆ ಹುಡ್ಡಿನ ಗಾಡಿಯ ಬೆಲೆಯನ್ನು ನಿರ್ಧರಿಸುವುದು ಅದರ ಚಾಸಿ (ಇಡೀ ಗಾಡಿಯನ್ನು ಹೊರುವ ಅಡಿಯ ಉಕ್ಕಿನ ಚೌಕಟ್ಟು), ಹುಡ್ ಮತ್ತು ಕಾಗದಪತ್ರ.

ಹಂತ 1: ಗಾಡಿ ಯಾವುದೆಂದು ಖಚಿತಪಡಿಸಿಕೊಳ್ಳಿ

ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂತು; 1996ರಲ್ಲಿ 1,300 ಸಿಸಿಯ ‘ಕಿಂಗ್’ ಬಂತು; 2000ದಲ್ಲಿ ಅದಕ್ಕೆ 16 ವಾಲ್ವ್‌ಗಳ, 80 ಅಶ್ವಶಕ್ತಿಯ, ಕಾರ್ಬ್ಯುರೇಟರ್ ಬದಲು ಇಂಧನವನ್ನು ಸಿಂಪಡಿಸುವ ಎಂಪಿಎಫ್‌ಐ ಎಂಜಿನ್ ಸೇರಿತು. ದಿನಬಳಕೆಗೆ ಕೊಳ್ಳುವುದಾದರೆ ಎಂಪಿಎಫ್‌ಐ ಹೊರತು ಬೇರೆಯದನ್ನು ನೋಡಲೇಬೇಡಿ. ಥಾರ್‌ನ ಮೊದಲ ಪೀಳಿಗೆ 2010ರದು. ಅದರಲ್ಲಿ ಸಿಆರ್‌ಡಿಇ (ಹೊಸ ಬಗೆಯ ಕಾಮನ್ ರೇಲ್ ಡೀಸೆಲ್) ಎಂಜಿನ್ನಿನದಕ್ಕೂ ಡಿಐ (ಹಳೆಯ ಬಗೆಯ ಡೀಸೆಲ್) ಎಂಜಿನ್ನಿನದಕ್ಕೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಬಾನೆಟ್ ತೆರೆಸಿ ನೋಡಿ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಎರಡನೆಯ ಪೀಳಿಗೆಯಲ್ಲಿ ತೆಗೆಯಲು ಬಾರದ ಸಾಫ್ಟ್ ಟಾಪ್ ಬೇರೆ, ಕೈಯಿಂದ ಮಡಚಬಹುದಾದ ಕನ್ವರ್ಟಿಬಲ್ ಟಾಪ್ ಬೇರೆ. ಮಾರುವವರು ಎರಡನ್ನೂ ಕನ್ವರ್ಟಿಬಲ್ ಎಂದೇ ಕರೆಯುತ್ತಾರೆ. ನಿಮ್ಮ ಎದುರಿಗೇ ಒಮ್ಮೆ ಮಡಚಿಸಿ ನೋಡಿ.

ಹಂತ 2: ಲೆಕ್ಕ ಎಲ್ಲಿಂದ ಶುರು ಮಾಡಬೇಕು

ವಿಮೆಯ ಐಡಿವಿ, ಅಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ, ಒಂದು ಆಧಾರ. ಒಂದು ವರ್ಷ ದಾಟಿದ ಗಾಡಿಗೆ ಎರಡು ವರ್ಷದವರೆಗೆ ಶೇ 20, ಮೂರರವರೆಗೆ ಶೇ 30, ನಾಲ್ಕರವರೆಗೆ ಶೇ 40, ಐದರವರೆಗೆ ಶೇ 50ರಷ್ಟು ಸವಕಳಿಯನ್ನು ಹೊಸ ಗಾಡಿಯ ದರದಿಂದ ಕಳೆಯಲಾಗುತ್ತದೆ; ಐದು ವರ್ಷ ದಾಟಿದ ಮೇಲೆ ಅದು ವಿಮೆ ಕಂಪನಿ ಮತ್ತು ಮಾಲೀಕರ ಒಪ್ಪಂದಕ್ಕೆ ಬಿಟ್ಟದ್ದು. ಬೇಡಿಕೆಯಿರುವ ಥಾರ್ ಐಡಿವಿಗಿಂತ ಹೆಚ್ಚಿಗೆ ಮಾರಾಟವಾಗಬಹುದು, ಆದರೆ ಆ ಹೆಚ್ಚುವರಿ ಏಕೆಂದು ಮಾರುವವರು ವಿವರಿಸಬೇಕು. ಜಿಪ್ಸಿಯ ತಯಾರಿಕೆಯೇ ನಿಂತಿರುವುದರಿಂದ ಅಲ್ಲಿ ಈ ಸೂತ್ರ ಉಪಯೋಗಕ್ಕೆ ಬಾರದು; ಈಚೆಗೆ ನಿಜವಾಗಿ ಕೈ ಬದಲಾದ ಮೂರು ಗಾಡಿಗಳ ಬೆಲೆಯನ್ನು ಗ್ಯಾರೇಜಿನ ಮೇಸ್ತ್ರಿಗಳಿಂದ ಕೇಳಿ ತಿಳಿಯಿರಿ. ಜಾಹೀರಾತಿನಲ್ಲಿ ಇರುವುದು ಕೇಳುವ ಬೆಲೆಯೇ ಹೊರತು ಕೊಟ್ಟ ಬೆಲೆಯಲ್ಲ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಜಿಎಸ್‌ಟಿ ಇಳಿದಿದೆ. ಆದ್ದರಿಂದ ಅದಕ್ಕೂ ಮೊದಲಿನ ಶೋರೂಂ ದರವನ್ನು ತೋರಿಸಿ ‘ಇಷ್ಟಕ್ಕೆ ಕೊಂಡಿದ್ದೆ’ ಎನ್ನುವವರ ಲೆಕ್ಕವನ್ನು ಒಪ್ಪಬೇಡಿ. ಅದೇ ಮಾದರಿಯ ಇಂದಿನ ದರದಿಂದ ಕಳೆಯುತ್ತ ಬನ್ನಿ. ಹಳೆಯ ಗಾಡಿಯ ವ್ಯಾಪಾರಿ ಕಟ್ಟಬೇಕಾದ ಶೇ 18ರ ಜಿಎಸ್‌ಟಿ ಸಾಮಾನ್ಯವಾಗಿ ಅವನ ಲಾಭಾಂಶದ ಮೇಲಿನದು. ಪೂರ್ತಿ ಬೆಲೆಯ ಮೇಲೆ ಶೇ 18 ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 3: ಚಾಸಿ ಮತ್ತು ಹುಡ್

ಎಲ್ಲರೂ ಹತ್ತು ನಿಮಿಷದಲ್ಲಿ ಮುಗಿಸುವ ಈ ಹಂತಕ್ಕೆ ಕನಿಷ್ಠ ಎರಡು ಗಂಟೆ ಮೀಸಲಿಡಿ. ಒಂದು ಟಾರ್ಚು, ತೆಳುಬಟ್ಟೆ ಸುತ್ತಿದ ಅಯಸ್ಕಾಂತ, ದಪ್ಪ ಸ್ಕ್ರೂಡ್ರೈವರ್, ಕೆಳಗೆ ಹಾಸಿಕೊಳ್ಳಲು ಗೋಣಿಚೀಲ, ನಾಲ್ಕಾರು ಹಳೆಯ ದಿನಪತ್ರಿಕೆಗಳು ಜೊತೆಗಿರಲಿ.

ಮೊದಲು ಒಳಗಿನ ಮ್ಯಾಟುಗಳನ್ನು ಪೂರ್ತಿ ಎತ್ತಿಸಿ. ಹುಡ್ಡಿನಿಂದ ಸೋರಿದ ನೀರು ಚಾಲಕನ ಕಾಲ ಕೆಳಗೆ ಮತ್ತು ಹಿಂದಿನ ಚಕ್ರಗಳ ಮೇಲಿನ ಮೂಲೆಗಳಲ್ಲಿ ನಿಲ್ಲುತ್ತದೆ; ಜಂಗು ಹಿಡಿಯುವುದೂ ಅಲ್ಲಿಯೇ. ಅಯಸ್ಕಾಂತವನ್ನು ಬಾಗಿಲ ಕೆಳಂಚು, ಗಾಜಿನ ಚೌಕಟ್ಟಿನ ಬುಡ ಮತ್ತು ಹಿಂಬದಿಯ ಮೂಲೆಗಳ ಮೇಲೆ ಮೆಲ್ಲಗೆ ಸರಿಸಿ. ಅದು ಹಿಡಿತ ಬಿಟ್ಟು ಜಾರಿದ ಕಡೆ ತಗಡಿನ ಬದಲು ಪುಟ್ಟಿ ಇದೆ ಎಂದರ್ಥ.

ಆಮೇಲೆ ಗಾಡಿಯನ್ನು ಸರ್ವಿಸ್ ಸ್ಟೇಶನ್ನಿನ ರ‍್ಯಾಂಪ್ ಹತ್ತಿಸಿ. ನಮ್ಮ ಭಾಗದಲ್ಲಿ ಗಾಡಿ ಯಾವ ಮಣ್ಣಿನಲ್ಲಿ ಓಡಿದೆ ಎಂಬುದು ಬಹಳ ಮುಖ್ಯ. ನವಲಗುಂದ, ನರಗುಂದ, ರೋಣದ ಎರೆ ಮಣ್ಣು ಮಳೆಗಾಲದಲ್ಲಿ ಅಂಟಿಕೊಂಡರೆ ಚಾಸಿಯ ಪೆಟ್ಟಿಗೆಯೊಳಗೆ ಸೇರಿ, ನೀರು ಹರಿದುಹೋಗಬೇಕಾದ ತೂತುಗಳನ್ನು ಮುಚ್ಚಿಬಿಡುತ್ತದೆ ಮತ್ತು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ರೋಣದ ಕಡೆಯ ಒಂದು ಜಿಪ್ಸಿಯನ್ನು ನೋಡಲು ಹೋದಾಗ ಅದರ ಚಾಸಿ ಹೊರಗಿನಿಂದ ಹೊಸ ಕಪ್ಪು ಬಣ್ಣದಲ್ಲಿ ಮಿರುಗುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋದೆ. ಹಿಂದಿನ ಲೀಫ್ ಸ್ಪ್ರಿಂಗ್ ತೂಗುವ ಜಾಗಕ್ಕೆ ಬಂದಾಗ ‘ಠಣ್’ ಎನ್ನುತ್ತಿದ್ದ ಸದ್ದು ಮಂಕಾಯಿತು. ತೂತಿನೊಳಗೆ ಮೊನೆಯಾಡಿಸಿದಾಗ ಒಣಗಿದ ಎರೆಯ ಹೆಂಟೆಗಳು ಉದುರಿದವು, ಅವುಗಳ ಹಿಂದೆಯೇ ಹಪ್ಪಳದ ಚೂರಿನಂಥ ತುಕ್ಕಿನ ಪದರಗಳು ಬಿದ್ದವು. ಪಕ್ಕದಲ್ಲಿ ನಿಂತಿದ್ದ ಮಾಲೀಕರೂ ಅದನ್ನು ಕಂಡು ಬೆರಗಾದರು. ಅವರು ಒಂದು ಲಕ್ಷ ಇಳಿಸಲು ಸಿದ್ಧರಾದರೂ ನಾನು ಬೇಡವೆಂದೆ. ತಗಡಿನ ಜಂಗಿಗೆ ಬೆಲೆ ಇಳಿಸಬಹುದು, ಚಾಸಿಯ ಜಂಗಿಗೆ ಯಾವ ಬೆಲೆಯೂ ಸರಿಯಲ್ಲ. ಮಾರುವ ಮುನ್ನ ಅಡಿಭಾಗಕ್ಕೆ ರಬ್ಬರ್ ಕೋಟಿಂಗ್ ಹೊಡೆಸಿದ ಗಾಡಿಯನ್ನು ನಾನು ಸಂಶಯದಿಂದಲೇ ನೋಡುತ್ತೇನೆ. ತುಕ್ಕಿನ ಮೇಲೆ ಬಳಿದ ಆ ಪದರದ ಹಿಂದೆ ತೇವ ಸಿಕ್ಕಿಕೊಂಡು ಲೋಹವನ್ನು ಇನ್ನಷ್ಟು ಬೇಗ ತಿನ್ನುತ್ತದೆ.

ಈಗ ಹುಡ್. ಜಿಪ್ಪನ್ನು ಕೊನೆಯವರೆಗೆ ಎಳೆದು ನೋಡಿ, ಒತ್ತುಗುಂಡಿಗಳನ್ನು ಒಂದೊಂದಾಗಿ ಹಾಕಿ ಬಿಚ್ಚಿ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿ ಬಿರುಸಾಗಿದೆಯೇ ಪರೀಕ್ಷಿಸಿ, ಕಮಾನಿನ ಕೊಳವೆಗಳನ್ನು ಕೈಯಿಂದ ಅಲುಗಾಡಿಸಿ. ಬಳಿಕ ಒಳಗಿನ ನೆಲದ ಮೇಲೆ, ಸೀಟುಗಳ ಮೇಲೆ ಪತ್ರಿಕೆ ಹಾಸಿ, ಹುಡ್ ಬಿಗಿದು, ಒಬ್ಬರನ್ನು ಟಾರ್ಚಿನೊಂದಿಗೆ ಒಳಗೆ ಕೂರಿಸಿ, ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ. ರಭಸವಾಗಿ ಹೊಡೆಯದೆ, ಮಳೆಯಂತೆ ಮೇಲಿನಿಂದ ಬೀಳಿಸಬೇಕು. ಮುಂಗಾಜಿನ ಮೇಲಂಚಿನಿಂದ ತೊಟ್ಟಿಕ್ಕಿದರೆ ಪಟ್ಟಿ ಬದಲಿಸಿದರೆ ಸಾಕಾದೀತು. ಹೊಲಿಗೆಯುದ್ದಕ್ಕೂ ನೀರು ಇಳಿದರೆ ಹೊಸ ಹುಡ್ಡೇ ಬೇಕು. ಪತ್ರಿಕೆ ಎಲ್ಲಿ ಒದ್ದೆಯಾಯಿತೋ ಅದನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಚೌಕಾಶಿಗೆ ಬೇಕಾಗುತ್ತದೆ. ಸೋರುವ ಹೊಲಿಗೆಗೆ ಸಿಲಿಕಾನ್ ಮೆತ್ತಿ ತೋರಿಸುವವರಿದ್ದಾರೆ, ಅದು ಒಂದು ಮಳೆಗಾಲ ದಾಟುವುದಿಲ್ಲ. ಕುಶನ್ ಅಂಗಡಿಯಲ್ಲಿ ಅಗ್ಗದ ರೆಕ್ಸಿನ್ನಿನಿಂದ ಹೊಲಿಸಿದ ಹುಡ್ಡಿಗಿಂತ, ಹಳೆಯದಾದರೂ ಕಂಪನಿಯ ಹುಡ್ ನನಗೆ ಹೆಚ್ಚು ಬೆಲೆಯುಳ್ಳದ್ದು.

ಕೊನೆಗೆ ಬೈಪಾಸಿನಲ್ಲಿ ಓಡಿಸಿ. ಜಿಪ್ಸಿಯ ಸ್ಟಿಯರಿಂಗ್ ನಡುಗಿದರೆ ಮುಂದಿನ ಆಕ್ಸಲ್ಲಿನಲ್ಲಿ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ ಬೇರಿಂಗ್ ಮತ್ತು ಅಲ್ಲಿನ ಸೀಲುಗಳನ್ನು ನೋಡಿಸಿ. ಫೋರ್ ವ್ಹೀಲ್ ಹಾಕಿ, ಮಣ್ಣಿನ ನೆಲದಲ್ಲಿ ನಾಲ್ಕು ಹೆಜ್ಜೆ ನಡೆಸಿ.

ಹಂತ 4: ಕಾಗದಪತ್ರ

ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಯನ್ನು ಗಾಡಿಯ ಮೇಲಿನದರೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಸಾಲ ಮತ್ತು ದಂಡಗಳನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿ. ಕೆಎ 25, 63, 26 ಅಥವಾ 27ರ (ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ) ಗಾಡಿಗೆ ಹಳೆಯ ಮಾಲೀಕರನ್ನು ಹುಡುಕಿ ವಿಚಾರಿಸಬಹುದಾದ್ದರಿಂದ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಗೋವಾದ ಥಾರ್ ಅಗ್ಗವಾಗಿ ಸಿಕ್ಕರೆ, ಅದು ಮೊದಲು ಬಾಡಿಗೆಗೆ ಓಡಿತ್ತೇ ಎಂದು ದಾಖಲೆಯಲ್ಲಿ ನೋಡಿ; ಮೇಲಾಗಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯೇ ನೋಂದಾಯಿಸಿ ಕರ್ನಾಟಕದ ತೆರಿಗೆ ಕಟ್ಟಬೇಕಾಗುತ್ತದೆ. ಹಳೆಯ ಡೀಸೆಲ್ ಗಾಡಿಗಳಿಗೆ ದೆಹಲಿಯಲ್ಲಿ ನಿರ್ಬಂಧವಿರುವುದರಿಂದ ಅಲ್ಲಿಂದ ಬರುವ ಥಾರ್‌ಗಳ ಅಗ್ಗದ ಬೆಲೆಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಹದಿನೈದು ವರ್ಷ ದಾಟಿದ ಜಿಪ್ಸಿಯ ನೋಂದಣಿ ನವೀಕರಣವಾಗಿದೆಯೇ ಎಂಬುದು ನೇರವಾಗಿ ಹಣದ ಪ್ರಶ್ನೆ: ಕೇಂದ್ರದ ಶುಲ್ಕವೇ 5,000 ರೂಪಾಯಿ, ಇಪ್ಪತ್ತು ವರ್ಷ ದಾಟಿದ್ದರೆ 10,000. ಮಾರ್ಪಾಡು ಮಾಡಿದ ಗಾಡಿಗೆ ಹೆಚ್ಚುವರಿ ಕೊಡಬೇಡಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮಿಲಿಟರಿ ಹರಾಜಿನ ಜಿಪ್ಸಿಯಾದರೆ, ಸೇನೆಯ ಹಸಿರು ಬಣ್ಣ ಖಾಸಗಿ ಗಾಡಿಗೆ ನಿಷಿದ್ಧವಾದ್ದರಿಂದ ಬಣ್ಣ ಹೊಡೆಸುವ ಖರ್ಚನ್ನೂ ಸೇರಿಸಿ.

ಹಂತ 5: ಕಳೆದು ನೋಡಿ, ಬೆಲೆ ಹೇಳಿ

ಒಳ್ಳೆಯ ಸ್ಥಿತಿಯ ಅಂಥದೇ ಗಾಡಿಗೆ 4,50,000 ರೂಪಾಯಿ ದರವಿದೆ ಎಂದಿಟ್ಟುಕೊಳ್ಳಿ. ಹುಡ್ಡಿಗೆ 25,000, ಟೈರುಗಳಿಗೆ 30,000, ಕಿಂಗ್‌ಪಿನ್ ಕೆಲಸಕ್ಕೆ 15,000, ನವೀಕರಣ ಮತ್ತು ವರ್ಗಾವಣೆಗೆ 15,000, ಈಗ ಕಾಣದ ಖರ್ಚಿಗೆ 20,000 ಎಂದಾದರೆ ಒಟ್ಟು 1,05,000 ಕಳೆಯಬೇಕು. ನಿಮ್ಮ ಗರಿಷ್ಠ ಬೆಲೆ 3,45,000. ಈ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಮೇಸ್ತ್ರಿ ಬರೆದುಕೊಟ್ಟ ಅಂದಾಜನ್ನು ಅಲ್ಲಿ ಇಡಿ. ಆ ಚೀಟಿಯನ್ನು ಮಾರುವವರ ಮುಂದಿಟ್ಟೇ ಮಾತಾಡಿ. ವಿಮೆಯ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಅವರದೇ ಹೊರತು ಗಾಡಿಯದಲ್ಲ. ಅದನ್ನು ಲಾಭವೆಂದು ಅವರು ತೋರಿಸಿದರೆ ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 6: ಮರಳಿ ಮಾರುವಾಗ

ಧೂಳು, ಮಳೆ, ಕಳ್ಳತನದ ಭಯದಿಂದ ನಮ್ಮಲ್ಲಿ ಹೆಚ್ಚಿನವರು ಗಟ್ಟಿ ಮಾಡಿನ ಥಾರ್ ಕೇಳುತ್ತಾರೆ. ಬಟ್ಟೆ ಹುಡ್ಡಿಗೆ ಗಿರಾಕಿಗಳು ಕಡಿಮೆ, ಸಿಗಲು ಸಮಯವೂ ಬೇಕು. ಆದ್ದರಿಂದ ಕೊಳ್ಳುವಾಗಲೇ ಅಷ್ಟನ್ನು ಇಳಿಸಿ ಕೊಳ್ಳಿ, ಮಾರುವುದಾದರೆ ಮಳೆಗಾಲ ಮುಗಿದ ಮೇಲೆ ಮಾರಿ. ಜಿಪ್ಸಿಯಲ್ಲಿ ಬಿಚ್ಚಿ ತೆಗೆದ ಮೂಲ ಭಾಗಗಳನ್ನು, ಹಳೆಯ ಹುಡ್ಡನ್ನು ಕೂಡ, ಗುಜರಿಗೆ ಹಾಕದೆ ಇಟ್ಟುಕೊಳ್ಳಿ. ಮುಂದಿನ ಗಿರಾಕಿ ಅವುಗಳಿಗೆ ಹಣ ಕೊಡುತ್ತಾರೆ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿಯಾದ ದಿನವೇ ಎರಡನ್ನೂ ಫೋಟೊ ತೆಗೆದುಕೊಳ್ಳಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹೆಸರು ಬದಲಾಗುವವರೆಗೆ ಬಾಕಿ ಹಣದಲ್ಲಿ ಸ್ವಲ್ಪ ಭಾಗವನ್ನು ತಡೆಹಿಡಿಯುವುದಾಗಿ ಮುಂಗಡ ಕೊಡುವಾಗಲೇ ಚೀಟಿಯಲ್ಲಿ ಬರೆಸಿಕೊಳ್ಳಿ.