ಪ್ರತಿ ವಿಭಾಗವೂ ಬಿಳಿ ಸಾಲಿನಿಂದಲೇ ಶುರುವಾಗಲು

ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಜ್ಯಾಂಗೋ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಅಚ್ಚಿನಲ್ಲಿ, ವಿಭಾಗವಾರು ತೋರಿಸುತ್ತಿದ್ದೆ. ಸಾಲುಗಳಿಗೆ ಬಿಳಿ, ಬೂದು ಬಣ್ಣ ಸರದಿಯಂತೆ ಬರಲೆಂದು ‘ಸೈಕಲ್’ ಟ್ಯಾಗ್ ಹಾಕಿದ್ದೆ. ಆದರೆ ಕಾದಂಬರಿಗಳು 7 ಇದ್ದರೆ, ಕವನ ವಿಭಾಗದ ಮೊದಲ ಸಾಲೇ ಬೂದು! ಎರಡು ಸಂಜೆ, ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ತಪ್ಪು ಹುಡುಕಿದೆ. ಅದು ಅಲ್ಲಿರಲೇ ಇಲ್ಲ. ಒಂದು ವಿಭಾಗದ ಪುಸ್ತಕಗಳನ್ನು ಒಂದೊಂದಾಗಿ ತೋರಿಸುವ ಒಳಗಿನ ಲೂಪ್ ಮುಗಿದರೂ ಸೈಕಲ್ ತಾನು ನಿಂತ ಜಾಗವನ್ನು ಮರೆಯುವುದಿಲ್ಲ, ಮುಂದಿನ ವಿಭಾಗದಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ.

ಒಳಲೂಪ್ ಮುಗಿದ ಕೂಡಲೇ, ಸೈಕಲನ್ನು ಮೊದಲಿಗೆ ಮರಳಿಸುವ ‘ರಿಸೆಟ್‌ಸೈಕಲ್’ ಬರೆದೆ. ಈ ಟ್ಯಾಗ್ ಬಂದದ್ದು ಜ್ಯಾಂಗೋದ 1.11ನೇ ಆವೃತ್ತಿಯಲ್ಲಿ. ಆದರೂ ಬಣ್ಣ ಸರಿಹೋಗಲಿಲ್ಲ. ಸಾಲಿನೊಳಗೆ ನಾನೇ ಇನ್ನೊಂದು ಸೈಕಲ್ ಬರೆದಿದ್ದೆ. ಯಾವ ಸೈಕಲ್ ಎಂದು ರಿಸೆಟ್‌ಸೈಕಲ್‌ಗೆ ಹೆಸರು ಹೇಳದಿದ್ದರೆ, ಟೆಂಪ್ಲೇಟಿನಲ್ಲಿ ಅದರ ಮೇಲೆ ಕೊನೆಯದಾಗಿ ಬರೆದ ಸೈಕಲ್ ಅಷ್ಟೇ ಮೊದಲಿಗೆ ಮರಳುತ್ತದೆ. ‘ಆ್ಯಸ್’ ಬಳಸಿ ಬಣ್ಣದ ಸೈಕಲ್‌ಗೆ ಹೆಸರಿಟ್ಟು, ರಿಸೆಟ್‌ಸೈಕಲ್‌ಗೆ ಆ ಹೆಸರನ್ನೇ ಕೊಟ್ಟೆ. ಈಗ ಪ್ರತಿ ವಿಭಾಗವೂ ಬಿಳಿಯಿಂದಲೇ ಆರಂಭವಾಗುತ್ತಿದೆ.