ಅನ್ನನಾಳದ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ಪೆಟ್ ಸ್ಕ್ಯಾನ್: ತಯಾರಿ ಹೇಗೆ, ರಿಪೋರ್ಟ್ ಓದುವುದು ಹೇಗೆ

ಮಂಡ್ಯ ಕಡೆಯಿಂದ ಮೈಸೂರಿಗೆ ಪೆಟ್ ಸ್ಕ್ಯಾನ್ ಮಾಡಿಸಲು ಬರುವವರು ರಿಪೋರ್ಟ್ ಕೈಗೆ ಸಿಕ್ಕಿದ ಕೂಡಲೇ ಹುಡುಕುವುದು ಒಂದೇ ಸಂಖ್ಯೆ, ಎಸ್‌ಯುವಿ ಮ್ಯಾಕ್ಸ್, ಅಂದರೆ ಸ್ಕ್ಯಾನ್‌ನಲ್ಲಿ ಗಡ್ಡೆ ಎಷ್ಟು ಹೊಳೆಯುತ್ತದೆ ಅನ್ನುವ ಅಳತೆ. ಅದು 15 ಅಂತಿದ್ದರೆ ಮನೆಯವರೆಲ್ಲ ಕಂಗಾಲು. ಸುಮ್ನೆ ಆ ಒಂದು ಸಂಖ್ಯೆ ನೋಡಿ, ಆಪರೇಷನ್ ಆದ್ಮೇಲೆ ಇಷ್ಟೇ ವರ್ಷ ಅಂತ ಲೆಕ್ಕ ಹಾಕಬೇಡಿ. ಚಿಕಿತ್ಸೆಗೆ ಮುಂಚಿನ ಸ್ಕ್ಯಾನ್, ಕೀಮೋ ರೇಡಿಯೇಷನ್ ಮುಗಿದ ಮೇಲಿನ ಸ್ಕ್ಯಾನ್, ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮಾತ್ರ ಏನಾದರೂ ಗೊತ್ತಾಗುತ್ತದೆ.

ಮೊದಲು ತಯಾರಿ, ಯಾಕಂದ್ರೆ ಅದು ಕೆಟ್ಟರೆ ಸಂಖ್ಯೆಯೇ ಕೆಡುತ್ತದೆ. ನರಕ್ಕೆ ಚುಚ್ಚುವ ಎಫ್‌ಡಿಜಿ ಒಂದು ಬಗೆಯ ಸಕ್ಕರೆ, ವಿಕಿರಣ ಸೂಸುವಂಥದ್ದು. ಗಡ್ಡೆ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಅದಕ್ಕೇ ಹೊಳೆಯುತ್ತದೆ. ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಹೊಳಪು ಮಂಕು. ಹಾಗಾಗಿ 4ರಿಂದ 6 ಗಂಟೆ ಬರೀ ನೀರು. ಬೆಲ್ಲದ ಕಾಫಿ ಒಂದೇ ಗುಟುಕು ಅಂದರೂ ಬೇಡ. ಶುಗರ್ 200 ದಾಟಿದ್ದರೆ ಸಾಮಾನ್ಯವಾಗಿ ಇನ್ನೊಂದು ದಿನ ಬನ್ನಿ ಅಂತಾರೆ, ಅದಕ್ಕೆ ಮೆಟ್‌ಫಾರ್ಮಿನ್, ಇನ್ಸುಲಿನ್ ಏನು ಮಾಡಬೇಕು ಅಂತ ದಿನಾಂಕ ಗೊತ್ತು ಮಾಡುವಾಗಲೇ ಕೇಳಿಕೊಳ್ಳಿ, ನೀವೇ ನಿಲ್ಲಿಸಬೇಡಿ. ಹಿಂದಿನ ದಿನ ಹರಕೆ ಅಂತ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಕಾಲಿನ ಮಾಂಸಖಂಡವೇ ಸಕ್ಕರೆ ಎಳೆದುಕೊಳ್ಳುತ್ತದೆ. ಚಳಿಗಾಲದ ಬೆಳಗಿನ ಬಸ್ಸಾದರೆ ಸ್ವೆಟರ್ ಹಾಕಿಸಿ: ಚಳಿಗೆ ಕುತ್ತಿಗೆ, ಭುಜದ ಕಂದು ಕೊಬ್ಬು ಹೊಳೆದು ಅಲ್ಲಿನ ಲಿಂಫ್ ಗಂಟುಗಳ (ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿಗಳು) ಬಗ್ಗೆ ಗೊಂದಲ ಮಾಡುತ್ತದೆ. ಇಂಜೆಕ್ಷನ್ ಆದ್ಮೇಲೆ ಸುಮಾರು ಒಂದು ಗಂಟೆ ಮಾತಾಡದೆ ಮಲಗಿರಬೇಕು. ಎರಡನೇ ಸ್ಕ್ಯಾನ್ ಆದಷ್ಟೂ ಅದೇ ಮೆಷಿನ್‌ನಲ್ಲಿ, ಅಷ್ಟೇ ಹೊತ್ತು ಕಾದು ಮಾಡಿಸಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಈಗ ರಿಪೋರ್ಟ್. ಗಡ್ಡೆಯನ್ನು ಬಿಟ್ಟು ಮೊದಲು ಲಿವರ್, ಶ್ವಾಸಕೋಶ, ಮೂಳೆ ನೋಡಿ. ಅಲ್ಲಿ ಹೊಸ ಚುಕ್ಕೆ ಬಂದಿದ್ದು ಬಯಾಪ್ಸಿಯಲ್ಲೂ ಕ್ಯಾನ್ಸರ್ ಅಂತಾದರೆ ಸಾಮಾನ್ಯವಾಗಿ ಆಪರೇಷನ್ ಕೈಬಿಡುತ್ತಾರೆ. ನನ್ನ ಪ್ರಕಾರ ಎರಡನೇ ಸ್ಕ್ಯಾನ್‌ನ ದೊಡ್ಡ ಉಪಯೋಗವೇ ಇದು, ಅಷ್ಟು ದೊಡ್ಡ ಆಪರೇಷನ್‌ನ ನೋವು ವ್ಯರ್ಥವಾಗುವುದು ತಪ್ಪುತ್ತದೆ ಅಲ್ವಾ. ಆಮೇಲೆ ಹೊಳೆಯುವ ಲಿಂಫ್ ಗಂಟು ಎಷ್ಟಿವೆ ನೋಡಿ. ಕೊನೆಗೆ ಗಡ್ಡೆ: ಎಸ್‌ಯುವಿ 15 ಇದ್ದದ್ದು 9 ಆದರೆ 40 ಶೇಕಡ ಇಳಿಕೆ. ಜರ್ಮನಿಯ ಮ್ಯೂನಿಕಾನ್ ಅಧ್ಯಯನ 2007ರಲ್ಲಿ ಪ್ರಕಟವಾಯಿತು, ಕೀಮೋ ಶುರುವಾದ 2 ವಾರಕ್ಕೆ 35 ಶೇಕಡ ಅಥವಾ ಜಾಸ್ತಿ ಇಳಿದವರು ಹೆಚ್ಚು ಕಾಲ ಬದುಕಿದ್ದು ಅದರಲ್ಲಿ ಕಂಡಿತು. ಆದರೆ ಅದು ಅಡಿನೋಕಾರ್ಸಿನೋಮಾ ಅನ್ನುವ ಬಗೆಯ ಕ್ಯಾನ್ಸರ್ ಇದ್ದವರ ಲೆಕ್ಕ. ನಮ್ಮ ದೇಶದಲ್ಲಿ ಸ್ಕ್ವಾಮಸ್ ಅನ್ನುವ ಇನ್ನೊಂದು ಬಗೆ ಜಾಸ್ತಿ, ಜೊತೆಗೆ ರೇಡಿಯೇಷನ್ ಕೂಡ ಇರುತ್ತದೆ. ರೇಡಿಯೇಷನ್‌ನಿಂದ ಅನ್ನನಾಳ ಉರಿದುಕೊಂಡು ಕ್ಯಾನ್ಸರ್ ಇಲ್ಲದ ಜಾಗವೂ ಹೊಳೆಯುತ್ತದೆ, ಅದಕ್ಕೇ ಕೆಲವು ವಾರ ಬಿಟ್ಟು ಸ್ಕ್ಯಾನ್ ಮಾಡುತ್ತಾರೆ. ಆ 35ನ್ನು ಕಣ್ಣುಮುಚ್ಚಿ ನಿಮ್ಮ ರಿಪೋರ್ಟ್‌ಗೆ ಹಾಕಬೇಡಿ.

ಎಂಟಿವಿ ಅಂತ ಬರೆದಿದ್ದರೆ ಅದು ಹೊಳೆಯುವ ಗಡ್ಡೆಯ ಗಾತ್ರ. ದೊಡ್ಡದಿದ್ದಷ್ಟೂ ಮುಂದೆ ಕಷ್ಟ ಅನ್ನುವ ಅಧ್ಯಯನಗಳಿವೆ, ಗಡಿ ಮಾತ್ರ ಒಂದೊಂದರಲ್ಲಿ ಒಂದೊಂದು. ಹೊಳಪು ಪೂರ್ತಿ ಹೋಗಿದೆ ಅಂದರೂ ಕಾಯಿಲೆ ಹೋಯಿತು ಅಂತ ಆಪರೇಷನ್ ಬೇಡ ಅನ್ನಬೇಡಿ, ಸಣ್ಣ ಉಳಿಕೆ ಪೆಟ್‌ಗೆ ಕಾಣುವುದಿಲ್ಲ. ಆಪರೇಷನ್ ನಂತರದ ಪೆಥಾಲಜಿ ರಿಪೋರ್ಟ್ (ತೆಗೆದ ಭಾಗದ ಲ್ಯಾಬ್ ಪರೀಕ್ಷೆ) ಬರಲಿ, ಕತ್ತರಿಸಿದ ಅಂಚು ಕ್ಯಾನ್ಸರ್ ಇಲ್ಲದೆ ಶುದ್ಧವೇ, ಗಂಟಿನಲ್ಲಿ ಕ್ಯಾನ್ಸರ್ ಉಳಿದಿತ್ತೇ ಅಂತ ಕೇಳಿ. ಪೆಟ್‌ಗಿಂತ ಗಟ್ಟಿ ಸುಳಿವು ಅಲ್ಲಿ ಸಿಗುತ್ತದೆ.

ಸರ್ಜನ್ ಹತ್ತಿರ ಹೋಗುವಾಗ ಬರೀ ಕಾಗದ ಸಾಲದು, ಎರಡೂ ಸ್ಕ್ಯಾನ್‌ನ ಸಿಡಿ ಒಯ್ಯಿರಿ.