ಕಾಂಬಿ ಬಾಯ್ಲರಿಗೆ ಗ್ಯಾಸ್ ಪೈಪಿನ ಅಳತೆ ನಿರ್ಧರಿಸುವ ಬಗೆ

ಬ್ರಿಟನ್ನಿನ ಮನೆಗಳಲ್ಲಿ ಹಳೆಯ ಬಾಯ್ಲರ್ ತೆಗೆಸಿ ಕಾಂಬಿ ಬಾಯ್ಲರ್ (ಮನೆಯನ್ನೂ ಬೆಚ್ಚಗಿಟ್ಟು, ನಲ್ಲಿ ತೆರೆದೊಡನೆ ನೀರನ್ನೂ ಕಾಯಿಸುವ ಒಂದೇ ಯಂತ್ರ) ಹಾಕಿಸುವವರು ಅದರ ಬೆಲೆಯನ್ನೂ ಬಾಳಿಕೆಯನ್ನೂ ಕೂಲಂಕಷವಾಗಿ ವಿಚಾರಿಸುತ್ತಾರೆ. ಅದಕ್ಕೆ ಗ್ಯಾಸ್ ತರುವ ಪೈಪಿನ ಬಗ್ಗೆ ಕೇಳುವವರು ಕಡಿಮೆ. ಬಾಯ್ಲರಿನ ತಳದಲ್ಲಿರುವ ಜೋಡಣೆಯ ಅಳತೆಯೇ ಪೈಪಿನ ಅಳತೆ ಎಂದು ತಿಳಿಯುವುದು ತಪ್ಪು. ಎಷ್ಟು ಗ್ಯಾಸ್, ಎಷ್ಟು ದೂರ, ಎಷ್ಟು ತಿರುವು ಎಂಬ ಮೂರು ಸಂಗತಿಗಳೇ ಅದನ್ನು ನಿರ್ಧರಿಸುತ್ತವೆ.

ಅಲ್ಲಿ ಗ್ಯಾಸಿನ ಕೆಲಸವನ್ನು ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಪಡೆದ ಎಂಜಿನಿಯರೇ ಮಾಡಬೇಕು. ಆದರೂ ಲೆಕ್ಕವನ್ನು ಮನೆಯವರು ಅರಿತಿರುವುದು ಒಳ್ಳೆಯದು, ಏಕೆಂದರೆ ನೆಲಹಾಸು ಮುಚ್ಚಿದ ಮೇಲೆ ಪೈಪ್ ಬದಲಿಸುವುದು ದುಬಾರಿ ಕೆಲಸ.

ಮೊದಲು ಬಾಯ್ಲರಿನ ಫಲಕದಲ್ಲಿ ಒಳಹರಿವಿನ ಶಾಖದ ಪ್ರಮಾಣವನ್ನು ನೋಡಿಕೊಳ್ಳಿ. ಅದು ನೆಟ್ ಲೆಕ್ಕದಲ್ಲಿದ್ದರೆ (ಹೊಗೆಯ ನೀರಾವಿಯಲ್ಲಿರುವ ಶಾಖವನ್ನು ಬಿಟ್ಟು) 1.11ರಿಂದ ಗುಣಿಸಿ ಗ್ರಾಸ್ ಲೆಕ್ಕಕ್ಕೆ (ಅದನ್ನೂ ಸೇರಿಸಿ) ತನ್ನಿ. ಬಂದ ಕಿಲೋವ್ಯಾಟನ್ನು ಸುಮಾರು 10.8ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಘನ ಮೀಟರ್ ನೈಸರ್ಗಿಕ ಅನಿಲ ಬೇಕೆಂದು ತಿಳಿಯುತ್ತದೆ. ಗ್ರಾಸ್ ಲೆಕ್ಕದಲ್ಲಿ 35 ಕಿಲೋವ್ಯಾಟ್ ಒಳಹರಿವಿನ ಬಾಯ್ಲರಿಗೆ ಸುಮಾರು 3.24 ಘನ ಮೀಟರ್ ಬೇಕು, 7.5 ಕಿಲೋವ್ಯಾಟಿನ ಗ್ಯಾಸ್ ಒಲೆಗೆ ಸುಮಾರು 0.7.

ನಂತರ ಮೀಟರಿನಿಂದ ಬಾಯ್ಲರಿನವರೆಗಿನ ಪೈಪಿನ ಉದ್ದಕ್ಕೆ ಪ್ರತಿ ಎಲ್ಬೋಗೂ (ಲಂಬಕೋನದ ಜೋಡಣೆ) ಅರ್ಧ ಮೀಟರ್, ಬಾಗಿಸಿದ ಪ್ರತಿ ತಿರುವಿಗೂ 0.3 ಮೀಟರ್ ಸೇರಿಸಿ. 12 ಮೀಟರ್ ಪೈಪಿನಲ್ಲಿ ಆರು ಎಲ್ಬೋಗಳಿದ್ದರೆ ಅದನ್ನು 15 ಮೀಟರ್ ಎಂದೇ ಎಣಿಸಬೇಕು. ಈ ದಾರಿಯುದ್ದಕ್ಕೂ ಕಳೆದುಹೋಗಬಹುದಾದ ಒತ್ತಡ ಒಟ್ಟು 1 ಮಿಲಿಬಾರ್ ಮಾತ್ರ. ಆ ಮಿತಿಯೊಳಗೆ 15 ಮೀಟರ್ ದೂರಕ್ಕೆ 15 ಮಿಲಿಮೀಟರ್ ತಾಮ್ರದ ಪೈಪ್ ಗಂಟೆಗೆ ಸುಮಾರು 1.1 ಘನ ಮೀಟರ್ ಸಾಗಿಸುತ್ತದೆ, 22ರದ್ದು 3.4, 28ರದ್ದು 7. ಮೊದಲಿನ ಸಣ್ಣ ಬಾಯ್ಲರಿಗೆ ಸಾಕಾಗಿದ್ದ 15ರ ಪೈಪ್ ಕಾಂಬಿಗೆ ಏಕೆ ಸಾಲದು ಎಂಬುದು ಇಲ್ಲಿಯೇ ಕಾಣುತ್ತದೆ.

ಬಾಯ್ಲರೊಂದೇ ಇದ್ದರೆ ಈ ಉದಾಹರಣೆಗೆ 22 ಸಾಕು. ಆದರೆ ಮೀಟರಿನಿಂದ ಎಲ್ಬೋ ಸೇರಿ 5 ಮೀಟರ್ ದೂರದಲ್ಲಿ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಒಲೆಗೆ ಕವಲು ಕೊಟ್ಟಿದ್ದರೆ, ಆ ಮೊದಲ ಭಾಗ ಎರಡರ ಗ್ಯಾಸನ್ನೂ, ಅಂದರೆ 3.94 ಘನ ಮೀಟರನ್ನು ಹೊರಬೇಕು. ಅಲ್ಲಿ ಸುಮಾರು 0.4, ಮುಂದಿನ 10 ಮೀಟರಿನಲ್ಲಿ ಸುಮಾರು 0.6 ಮಿಲಿಬಾರ್ ಕಳೆದು ಮಿತಿ ಪೂರ್ತಿ ಮುಗಿದುಹೋಗುತ್ತದೆ. ಮೊದಲ 5 ಮೀಟರನ್ನು ಮಾತ್ರ 28ಕ್ಕೆ ಏರಿಸಿದರೆ ಅಲ್ಲಿನ ನಷ್ಟ ಸುಮಾರು 0.1ಕ್ಕೆ ಇಳಿದು, ಒಟ್ಟು 0.7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂತಹ ಕಡೆ ಹಣ ಉಳಿಸಲು ನೋಡಬಾರದು. ಮುಂದೆ ಇನ್ನೊಂದು ಗ್ಯಾಸ್ ಉಪಕರಣ ಬಂದರೂ ಈ ಭಾಗವೇ ಅದರ ಭಾರ ಹೊರಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಒಲೆಯ ಬರ್ನರುಗಳನ್ನೆಲ್ಲ ಹಚ್ಚಿ, ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು, ಬಾಯ್ಲರ್ ಪೂರ್ಣ ಶಕ್ತಿಯಲ್ಲಿ ಉರಿಯುವಾಗಲೇ ಒತ್ತಡ ಅಳೆಯಲು ಎಂಜಿನಿಯರಿಗೆ ಹೇಳಿ. ಮೀಟರಿನ ಬಳಿ 19ರಿಂದ 23 ಮಿಲಿಬಾರಿನೊಳಗೆ ಇರಬೇಕು. ಬಾಯ್ಲರಿನ ಬಳಿಯ ಒತ್ತಡ ಮೀಟರಿನ ಬಳಿಯದಕ್ಕಿಂತ 1 ಮಿಲಿಬಾರನ್ನೂ ಮೀರಿ ಕುಸಿದಿದ್ದರೆ, ಪೈಪನ್ನು ಮುಚ್ಚುವ ಮೊದಲೇ ಸರಿಪಡಿಸಿಕೊಳ್ಳಿ.